ಕರಡಿಗೆಯ ದಾರ

ಸಿರುಗುಪ್ಪ
೮ ಮಾರ್ಚ್ ೧೯೮೨

ಇಂದಿರಾ,

ಪತ್ರದ ಮೊದಲ ಸಾಲಿನಲ್ಲಿ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕೆಂದು ಕುರುಗೋಡಿನ ಶಾಲೆಯಲ್ಲಿ ನಮಗಿಬ್ಬರಿಗೂ ಕಲಿಸಿದ್ದರು. ಮುಕ್ಕಾಲು ಪಾಲು ಕ್ಷೇಮ ಎಂದು ಬರೆದರೆ ಮಾಸ್ತರು ಎಷ್ಟು ಅಂಕ ಕೊಡುತ್ತಿದ್ದರೋ ಗೊತ್ತಿಲ್ಲ. ಖಾನಾವಳಿ ಚೆನ್ನಾಗಿ ನಡೆದಿದೆ. ನಾನು ರೊಟ್ಟಿ ಬಡಿಯುತ್ತೇನೆ, ಉಜ್ಜಿನಪ್ಪನವರು ಬಡಿಸುತ್ತಾರೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನನ್ನ ಗಂಡನಿಗೆ ಒಲೆಯ ಕಡೆ ಮುಖ ಮಾಡಿ ನಿಲ್ಲುವುದು ಗೊತ್ತಿಲ್ಲ. ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹೊಸದಾಗಿ ಬಣ್ಣದಲ್ಲಿ ಬರೆಸಿದ್ದೇವೆ.

ಈಗ ಕೆಲಸದ ಮಾತು. ನಮ್ಮತ್ತೆ ಸಾಯುವಾಗ ನನಗೆ ಕೊಟ್ಟ ಬೆಳ್ಳಿ ಕರಡಿಗೆ ನೀನು ನೋಡಿದ್ದೀಯಲ್ಲ, ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಹಾಕಿಕೊಂಡಿರುತ್ತೇನೆ. ಅದು ಬಲು ಭಾರ. ಬಗ್ಗಿ ರೊಟ್ಟಿ ಬಡಿಯುವಾಗ ತೂಗಾಡಿ ತೂಗಾಡಿ ಎಡ ಎದೆಗೆ ಬಡಿಯುತ್ತದೆ. ದಿನಕ್ಕೆ ಇನ್ನೂರು ರೊಟ್ಟಿ. ಬಡಿದು ಬಡಿದು ಅಲ್ಲೊಂದು ಗಂಟು ಕಟ್ಟಿದೆ. ಒಂದು ವರ್ಷವಾಯಿತು. ದಾರವನ್ನು ನಾಲ್ಕು ಬೆರಳು ಉದ್ದ ಮಾಡಿ ಕರಡಿಗೆಯನ್ನು ಹೊಟ್ಟೆಯ ಮೇಲೆ ಬಿಟ್ಟೆ, ಆದರೂ ಗಂಟು ಇಳಿಯಲಿಲ್ಲ. ನೋವಿಲ್ಲ. ನಿಮ್ಮ ಔಷಧದ ಏಜೆನ್ಸಿಯಲ್ಲಿ ಬಾವು ಇಳಿಸುವ ಒಳ್ಳೆಯ ಮುಲಾಮು ಇದ್ದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸು. ಗುಮಾಸ್ತೆ ಗೆಳತಿ ಇದ್ದೂ ಅಂಗಡಿಗೆ ಯಾಕೆ ಅಲೆಯಲಿ?

ನಿನ್ನ
ಕೊಟ್ರಬಸಮ್ಮ


ಗಾಂಧಿನಗರ, ಬಳ್ಳಾರಿ
೧೨ ಮಾರ್ಚ್ ೧೯೮೨

ಕೊಟ್ರಿ,

ಮುಲಾಮು ಕಳಿಸುವುದಿಲ್ಲ. ನೀನೇ ಬಾ. ಒಂದು ವರ್ಷದಿಂದ ಇಳಿಯದ ಗಂಟಿಗೆ ಮುಲಾಮು ಹಚ್ಚುವುದಿಲ್ಲ, ಡಾಕ್ಟರಿಗೆ ತೋರಿಸುತ್ತಾರೆ. ಇಲ್ಲಿನ ಆಸ್ಪತ್ರೆಗೆ ಮಧುಸೂದನ ಎಂಬ ಡಾಕ್ಟರು ಬಂದಿದ್ದಾರೆ. ಮಾತು ಕಡಿಮೆ, ಕೈ ಒಳ್ಳೆಯದು. ಸೋಮವಾರ ಬೆಳಗಿನ ಬಸ್ಸಿಗೆ ನಾನು ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಖಾನಾವಳಿಯ ನೆಪ ಹೇಳಿದರೆ ನಾನೇ ಸಿರುಗುಪ್ಪಕ್ಕೆ ಬಂದು ನಿನ್ನ ಗಿರಾಕಿಗಳ ಎದುರಿಗೆ ಜಗಳ ಮಾಡುತ್ತೇನೆ.

ಇಂದಿರಾಬಾಯಿ


ಸಿರುಗುಪ್ಪ
೨ ಏಪ್ರಿಲ್ ೧೯೮೨

ಇಂದಿರಾ,

ಸೂಜಿ ಹಾಕಿ ಗಂಟಿನ ಚೂರು ತೆಗೆದರು, ರಕ್ತ ತೆಗೆದರು, ಕುತ್ತಿಗೆಯ ಬುಡವನ್ನು ಹಿಸುಕಿ ನೋಡಿದರು. ಎದೆಯ ಎಕ್ಸ್‌ರೇ ಮಾತ್ರ ಆಗಲಿಲ್ಲ. ಮಷಿನ್ ಕೆಟ್ಟಿತ್ತು. ನಿನಗೆ ಆಫೀಸಿಗೆ ಹೊತ್ತಾಗುತ್ತದೆಂದು ಹೇಳದೆ ಬಸ್ ಹತ್ತಿದೆ. ಸುಮ್ಮನೆ ಮತ್ತೆ ಮತ್ತೆ ಯಾಕೆ ಬರಲಿ? ಉಗಾದಿ ಮುಗಿದ ಮೇಲೆ ಊಟಕ್ಕೆ ಬರುವವರು ಹೆಚ್ಚಾಗಿದ್ದಾರೆ.

ಕೊಟ್ರಬಸಮ್ಮ


ಬಳ್ಳಾರಿ
೧೨ ಏಪ್ರಿಲ್ ೧೯೮೨

ಕೊಟ್ರಿ,

ಮಷಿನ್ ಕೆಟ್ಟಿರಲಿಲ್ಲ. ಹೋಗಿ ಕೇಳಿ ಬಂದೆ. ಮೊದಲು ನಿನಗೆ ಹೆದರಿಕೆ ಎಂದುಕೊಂಡು ಸಿಟ್ಟು ಬಂದಿತ್ತು. ಆಮೇಲೆ ಎಕ್ಸ್‌ರೇ ತೆಗೆಯುವಾತ ಹೇಳಿದ: “ಕೊಳ್ಳಾಗಿಂದು ಬಿಚ್ಚಿ ಇಡ್ರಿ ಅಂದೆ ಅಷ್ಟ. ಸೆರಗು ಹೊದ್ಕೊಂಡು ಹೊಂಟೇ ಬಿಟ್ರು.”

ಲಿಂಗ ಮೈಯಿಂದ ಅಗಲಬಾರದು ಎನ್ನುವುದು ನನಗೂ ಗೊತ್ತು. ನಿಮ್ಮ ಮನೆಯಲ್ಲಿ ಉಂಡು ಬೆಳೆದವಳು ನಾನು. ಆದರೆ ಅದಕ್ಕೆ ಉತ್ತರ ಹೇಳುವ ಯೋಗ್ಯತೆ ಮಾಧ್ವರ ಮನೆಯ ಹೆಂಗಸಿಗಿಲ್ಲ. ಹಾಗಾಗಿ ನಿನ್ನೆ ಭಾನುವಾರ ಕುರುಗೋಡಿಗೆ ಹೋಗಿ ನಿನ್ನ ಚಿಕ್ಕವ್ವ ವೀರಭದ್ರಮ್ಮನವರನ್ನು ಕೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. “ಪೂಜಿ ಎಲ್ಲಿ ಇಟ್ಕೊಂಡು ಮಾಡ್ತಾಳ ಅಕಿ? ಎಡಗೈ ಅಂಗೈಯಾಗ. ಅಂಗೈ ಏನು ಮೈ ಬಿಟ್ಟು ಐತೇನು? ಕರಡಿಗಿ ನಿನ್ನ ಕೈಯಾಗ ಕೊಟ್ಟು, ಲಿಂಗ ಅಂಗೈಯಾಗ ಹಿಡ್ಕೊಂಡು ನಿಂದ್ರಲಿ. ಇಷ್ಟಕ್ಕ ಬಸ್ ಚಾರ್ಜು ಖರ್ಚು ಮಾಡಿ ಬಂದ್ಯಾ?” ಎಂದರು. ಹಿಂದೆಯೇ ಎರಡು ಸೇರು ಶೇಂಗಾ ಕಟ್ಟಿಕೊಟ್ಟರು.

ಬುಧವಾರ ಬಾ. ಕರಡಿಗೆ ಹಿಡಿದುಕೊಂಡು ಬಾಗಿಲಲ್ಲಿ ನಾನು ನಿಲ್ಲುತ್ತೇನೆ.

ಇಂದಿರಾ


ಬಳ್ಳಾರಿ
೨೦ ಏಪ್ರಿಲ್ ೧೯೮೨

ಕೊಟ್ರಿ,

ನಿನ್ನೆ ಡಾಕ್ಟರು ನಿಮ್ಮಿಬ್ಬರನ್ನೂ ಕೂರಿಸಿ ಕಾಯಿಲೆಯ ಹೆಸರು ಹೇಳಿದರು. ಕ್ಯಾನ್ಸರ್. ಎದೆಯಿಂದ ಕುತ್ತಿಗೆಯ ಬುಡಕ್ಕೆ ಏರಿದೆ, ಶ್ವಾಸಕೋಶದಲ್ಲೂ ಕಡಲೆ ಗಾತ್ರದ ಎರಡು ಚುಕ್ಕೆಗಳಿವೆ. ಅಷ್ಟು ದೂರ ಹರಡಿದ್ದನ್ನು ಕತ್ತರಿಸಿ ಪ್ರಯೋಜನವಿಲ್ಲ, ರಕ್ತದ ಜೊತೆ ಓಡಾಡುವ ಔಷಧವೇ ಬೇಕು ಎಂದರು. ನೀನು ಒಂದೂ ಪ್ರಶ್ನೆ ಕೇಳದೆ ಎದ್ದೆ. ನೀವು ಬಸ್ಸಿಗೆ ಹೋದ ಮೇಲೆ ನಾನು ಒಳಗೆ ಹೋಗಿ ಕೇಳಿದೆ.

ಇಷ್ಟು ಹರಡಿದವರಿಗೆ ಸಾಮಾನ್ಯವಾಗಿ ಅವರು ಮೊದಲು ಕೊಡುವುದು ಅಡ್ರಿಯಾಮೈಸಿನ್ ಎಂಬ ಕೆಂಪು ಔಷಧವಂತೆ. ಅದು ಮದರಾಸಿನಲ್ಲಿ ಸ್ಟಾಕ್ ಇಲ್ಲ. ನಾನೇ ನಮ್ಮ ಏಜೆನ್ಸಿಯಿಂದ ಟ್ರಂಕ್ ಕಾಲ್ ಮಾಡಿಸಿ ವಿಚಾರಿಸಿದೆ. ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಎಂದರು. ಅದಕ್ಕೇ ಡಾಕ್ಟರು ಬೇರೆ ಮೂರು ಔಷಧಗಳನ್ನು ಜೊತೆಗೂಡಿಸಿ ಕೊಡುತ್ತಾರೆ. ಒಂದು ಗುಳಿಗೆ, ಹದಿನಾಲ್ಕು ದಿನ. ಎರಡು ಇಂಜೆಕ್ಷನ್, ಮೊದಲ ದಿನ ಮತ್ತು ಎಂಟನೇ ದಿನ. ಆಮೇಲೆ ಎರಡು ವಾರ ಬಿಡುವು. ಇಂಥ ಆರು ಸುತ್ತು. ಇವೂ ಒಳ್ಳೆಯ ಔಷಧಗಳೇ. ಏನೂ ಯೋಚನೆ ಮಾಡಬೇಡ.

ಇಂದಿರಾ


ಸಿರುಗುಪ್ಪ
೧೦ ಮೇ ೧೯೮೨

ಇಂದಿರಾ,

ಮೊದಲ ಸುತ್ತಿನ ಗುಳಿಗೆ ಮುಗಿಯಿತು. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಈ ಶಿವಭಕ್ತಳಿಗೆ ಆ ವೆಂಕಟರಮಣನ ಕಡೆಯವಳೇ ಗತಿಯಾದಳು ನೋಡು. ಇಂಜೆಕ್ಷನ್ ಕೊಡುವಾಗ ಬಲಗೈ ಅವರಿಗೆ ಬಿಟ್ಟೆ, ಎಡಗೈಯಲ್ಲಿ ಲಿಂಗ ಹಿಡಿದೆ. ಕಾಯಿಲೆಯ ಕಡೆಯ ಕೈಗೆ ಸೂಜಿ ಚುಚ್ಚುವುದಿಲ್ಲವಂತೆ, ಅದೇ ನನಗೆ ಅನುಕೂಲವಾಯಿತು. ಆ ಎರಡು ಇಂಜೆಕ್ಷನ್‌ಗಳಲ್ಲಿ ಒಂದು ಅರಿಶಿನದ ನೀರಿನ ಬಣ್ಣ. ಅರಿಶಿನವೆಂದರೆ ಮಂಗಳವೇ ಎಂದುಕೊಂಡು ಸುಮ್ಮನೆ ಕುಳಿತೆ. ಮೂರು ದಿನ ವಾಂತಿ. ನಾಲ್ಕನೇ ದಿನ ಎದ್ದು ನೋಡಿದರೆ ಉಜ್ಜಿನಪ್ಪನವರು ಒಲೆಯ ಮುಂದೆ ಕೂತಿದ್ದಾರೆ. ಅವರ ರೊಟ್ಟಿಗೆ ಮೂಲೆಗಳಿರುತ್ತವೆ. ಗಿರಾಕಿಗಳು ಪಾಪ, ಸುಮ್ಮನೆ ತಿನ್ನುತ್ತಾರೆ.

ಈಗ ಸಂತೋಷದ ಸುದ್ದಿ ಕೇಳು. ನಿನ್ನ ಚಿಂತೆ ಇಳಿಸಿದ್ದೇನೆ. ಮದರಾಸಿಗೆ ಅಕ್ಕಿ ಲಾರಿ ಹೊಡೆಯುವ ಎರ್ರೆಪ್ಪ ಹತ್ತು ವರ್ಷದಿಂದ ನಮ್ಮಲ್ಲೇ ಉಣ್ಣುತ್ತಾನೆ. ನಿನ್ನ ಪತ್ರದಲ್ಲಿದ್ದ ಕೆಂಪು ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ನಿನ್ನೆ ತಂದುಬಿಟ್ಟ. “ಅಕ್ಕಾ, ಬೇಕಾದಷ್ಟು ಐತಂತ. ಸ್ಟಾಕ್ ಇಲ್ಲಂತ ಯಾರು ಹೇಳಿದ್ರು ನಿಮಗ?” ಎಂದ. ಗಾಜಿನ ಸಣ್ಣ ಸೀಸೆ, ಒಳಗೆ ಇಟ್ಟಿಗೆ ಪುಡಿಯಂಥದ್ದು. ತಂಪಿನಲ್ಲಿಡಬೇಕಂತೆ. ಈ ಬಿಸಿಲಿನಲ್ಲಿ ತಂಪು ಎಲ್ಲಿಂದ ತರಲಿ? ನೀರಿನ ಗಡಿಗೆಯ ಬುಡದಲ್ಲಿ, ಹಸಿ ಮರಳಿನಲ್ಲಿ ಹುಗಿದಿದ್ದೇನೆ. ಎರಡನೇ ಸುತ್ತಿನ ದಿನ, ಇಪ್ಪತ್ನಾಲ್ಕರವರೆಗೆ, ಕಾದರೆ ಕೆಡುತ್ತದೆಂದು ಗುರುವಾರ ಸಂಜೆ ಇಲ್ಲಿಯ ಕಾಂಪೌಂಡರ್ ಕೈಯಲ್ಲೇ ಹಾಕಿಸಿಕೊಳ್ಳುತ್ತೇನೆ. ಮೂರರ ಜೊತೆ ನಾಲ್ಕನೆಯದೂ ಸೇರಿದರೆ ರೋಗ ಎಲ್ಲಿ ನಿಲ್ಲುತ್ತದೆ?

ಕೊಟ್ರಬಸಮ್ಮ


ಬಳ್ಳಾರಿ
೧೨ ಮೇ ೧೯೮೨, ಬುಧವಾರ

ಕೊಟ್ರಿ,

ತಂತಿ ಕಳಿಸಿದ್ದೇನೆ. ಅದು ತಡವಾದರೆ ಎಂದು ಈ ಪತ್ರವನ್ನು ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ಸೀಸೆಯನ್ನು ಯಾರೂ ಮುಟ್ಟಬಾರದು. ಕೆಂಪು ಔಷಧ ನಿನ್ನ ಮೈಗೆ ಹೋಗಬಾರದು.

ಸ್ಟಾಕ್ ಇಲ್ಲ ಎಂದದ್ದು ಸುಳ್ಳು. ಟ್ರಂಕ್ ಕಾಲ್ ಸುಳ್ಳು. ನಾಲ್ಕನೇ ಇಯತ್ತೆಯಲ್ಲಿ ನಿನಗೆ ಕೀಲುಗಳು ಬಾತು ಜ್ವರ ಬಂದು ಮೂರು ತಿಂಗಳು ಶಾಲೆಗೆ ಬರಲಿಲ್ಲವಲ್ಲ, ಆಗ ಆ ಜ್ವರ ನಿನ್ನ ಹೃದಯದ ಕವಾಟವನ್ನು ಕೆಡಿಸಿ ಹೋಗಿದೆ. ಕೆಂಪು ಔಷಧ ಗಂಟನ್ನು ಕರಗಿಸುತ್ತದೆ, ಹೃದಯವನ್ನೂ ಸೋಲಿಸುತ್ತದೆ. ಗಟ್ಟಿ ಹೃದಯದವರಿಗೂ ಲೆಕ್ಕ ಹಾಕಿಯೇ ಕೊಡಬೇಕು, ನಿನ್ನದು ತಡೆಯುವುದಿಲ್ಲ ಎಂದರು ಡಾಕ್ಟರು. ಅದಕ್ಕಾಗಿಯೇ ಆ ಮೂರು. ನಿನಗೆ ಹೇಳುವುದಾಗಿ ನಾನೇ ಒಪ್ಪಿಕೊಂಡು ಬಂದು, ಹೇಳದೆ ಹೋದೆ.

ನನ್ನ ಯಜಮಾನರಿಗೆ ಕಾಯಿಲೆಯಾದಾಗ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಇದ್ದ ಇಪ್ಪತ್ತು ದಿನವೂ ನನ್ನ ಜೊತೆ ಮಾತಾಡಲಿಲ್ಲ. ನೀನೂ ಗೋಡೆಯ ಕಡೆ ತಿರುಗಿದರೆ ಏನು ಮಾಡಲಿ ಎಂದು ಹೆದರಿದೆ. ನನ್ನ ಹೆದರಿಕೆ ನಿನ್ನ ಜೀವ ತೆಗೆಯುತ್ತಿತ್ತು. ಸೀಸೆಯನ್ನು ಇದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸು. ಕೈಮುಗಿಯುತ್ತೇನೆ.

ಇಂದಿರಾ


ಸಿರುಗುಪ್ಪ
೧೪ ಮೇ ೧೯೮೨

ಇಂದಿರಾಬಾಯಿಯವರಿಗೆ,

ಸೀಸೆ ಕಳಿಸಿದ್ದೇನೆ. ತಂತಿ ಬಂದಾಗ ಕಾಂಪೌಂಡರ್ ಸೂಜಿ ಕುದಿಸಲು ಇಟ್ಟಿದ್ದ.

ಕೊಟ್ರಬಸಮ್ಮ


ಬಳ್ಳಾರಿ
೧೬ ಜೂನ್ ೧೯೮೨

ಕೊಟ್ರಿ,

ನನಗೆ ‘ಇಂದಿರಾಬಾಯಿಯವರಿಗೆ’ ಎಂದು ಬರೆದೆಯಲ್ಲ, ಆ ‘ಅವರಿಗೆ’ಯನ್ನು ಎಷ್ಟು ಸಲ ಓದಿದೆನೋ. ಮೂರು ಪತ್ರ ಹಾಕಿದೆ. ಉತ್ತರವಿಲ್ಲ. ಎರಡನೇ ಸುತ್ತಿಗೆ ನಮ್ಮ ಮನೆಗೂ ಬರಲಿಲ್ಲ. ಔಷಧವನ್ನೇ ಬಿಟ್ಟಿದ್ದೀಯೆಂದು ನಂಬಿ ಆಸ್ಪತ್ರೆಗೆ ಓಡಿದೆ. ಅಲ್ಲಿನ ನರ್ಸು ನಕ್ಕಳು: “ಅವರಾ? ಮೇ ಇಪ್ಪತ್ನಾಲ್ಕು, ಮೂವತ್ತೊಂದು, ಎರಡೂ ದಿನ ಬಾಗಿಲು ತೆಗಿಯೂಕಿಂತ ಮೊದಲ ಬಂದು ಕುಂತಿದ್ರು.” ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ. ಇನ್ನು ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ, ಸುತ್ತು ಮಾತ್ರ ತಪ್ಪಿಸಬೇಡ.

ಇಂದಿರಾ


ಕುರುಗೋಡು
೫ ಜುಲೈ ೧೯೮೨

ಇಂದಿರಾ,

ಮೂರನೇ ಸುತ್ತು ಮುಗಿಸಿ ಚಿಕ್ಕವ್ವನ ಮನೆಯಲ್ಲಿ ಮಲಗಿದ್ದೇನೆ. ಬಾಯಿ ತುಂಬ ಹುಣ್ಣು. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ ಮೆಣಸಿನಕಾಯಿ ಮುಟ್ಟಲಾಗದವಳು ನಾನೊಬ್ಬಳೇ ಇರಬೇಕು. ಮಜ್ಜಿಗೆ ಅನ್ನವೇ ಗತಿ, ಥೇಟ್ ನಿಮ್ಮವರ ಹಾಗೆ. ಕೂದಲು ಅರ್ಧ ಉದುರಿದೆ. ಬಿಳಿ ಕಣ ಕಡಿಮೆಯಾಗಿದೆಯೆಂದು ಎಂಟನೇ ದಿನದ ಔಷಧವನ್ನು ಸ್ವಲ್ಪ ಇಳಿಸಿ ಕೊಟ್ಟರು.

ನಿನ್ನ ಮೇಲೆ ಸಿಟ್ಟಿತ್ತು. ಸುಳ್ಳು ಹೇಳಿದೆಯೆಂದಲ್ಲ. ನಾನೂ ಮಷಿನ್ ಕೆಟ್ಟಿದೆ ಎಂದಿದ್ದೆ, ಅಲ್ಲಿಗೆ ಸರಿಸಮವಾಯಿತು. ನನ್ನ ಸುದ್ದಿಯನ್ನು ನನಗಿಂತ ಮೊದಲು ನೀನು ಹೊತ್ತುಕೊಂಡು ತಿರುಗಿದೆಯಲ್ಲ, ಅದಕ್ಕೆ. ಚಿಕ್ಕವ್ವನ ಮುಂದೆ ಹೇಳಿ ಹೊಟ್ಟೆಯುರಿ ತೀರಿಸಿಕೊಳ್ಳೋಣವೆಂದು ಬಂದರೆ ಅವಳು ನನಗೇ ಬೈದಳು. “ಅಕಿ ಸುಳ್ಳು ಹೇಳಿದ್ಲು, ಖರೆ. ತಂತಿ ಹೊಡದಾಕಿನೂ ಅಕಿನ ಅಲ್ಲೇನು? ಮರ್ಯಾದಿ ಹೋಗ್ತೈತಂತ ಸುಮ್ನ ಕುಂತಿದ್ರ ನೀ ಇವತ್ತು ಇಲ್ಲಿ ಮಜ್ಜಿಗಿ ಕುಡಿತಿದ್ದಿಲ್ಲ” ಎಂದಳು. ಅದಕ್ಕೇ ಈ ಕಾಗದ ತೆಗೆದುಕೊಂಡೆ.

ಇನ್ನು ಮುಂದೆ ಒಂದು ಕರಾರು. ಡಾಕ್ಟರು ಹೇಳಿದ್ದರಲ್ಲಿ ಒಂದಕ್ಷರ ಬಿಡದೆ ಬರೆಯಬೇಕು. ಈ ಮೂರು ಔಷಧದಿಂದ ಹತ್ತು ಜನರಲ್ಲಿ ಎಷ್ಟು ಜನರಿಗೆ ಗುಣ? ಬರೆ. ನಾನು ಗೋಡೆಯ ಕಡೆ ತಿರುಗುವವಳಲ್ಲ. ನಮ್ಮ ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದಿದೆ. ಅದನ್ನು ನೋಡಿದರೆ ಈಗ ನಗು ಬರುತ್ತದೆ.

ನಿನ್ನ
ಕೊಟ್ರಿ


ಬಳ್ಳಾರಿ
೯ ಜುಲೈ ೧೯೮೨

ಕೊಟ್ರಿ,

ಒಂದಕ್ಷರ ಬಿಡದೆ ಬರೆಯುತ್ತೇನೆ. ಹತ್ತು ಜನರಿಗೆ ಕೊಟ್ಟರೆ ಐದು ಜನರಲ್ಲಿ ಗಂಟು ಸಣ್ಣದಾಗುತ್ತದೆ. ಪೂರ್ತಿ ಕಾಣದಂತಾಗುವುದು ಒಬ್ಬಿಬ್ಬರಲ್ಲಿ. ಕರಗಿದ್ದು ಮತ್ತೆ ಬರುವುದಿಲ್ಲವೆಂದು ಯಾರೂ ಬರೆದುಕೊಡಲಾರರು. ‘ಗುಣ’ ಎನ್ನುವ ಮಾತನ್ನು ಅವರು ಬಳಸಲಿಲ್ಲ. ಆರು ಸುತ್ತು ತಾಳಿಕೊಂಡರೆ ಆಮೇಲೆ ಎಕ್ಸ್‌ರೇ ನೋಡಿ ಹೇಳುತ್ತೇನೆ ಎಂದರು.

ಬರೆದೆ. ಹತ್ತೊಂಬತ್ತಕ್ಕೆ ನಾಲ್ಕನೇ ಸುತ್ತು. ನಮ್ಮ ಮನೆಗೆ ಬಾ.

ಇಂದಿರಾ


ಸಿರುಗುಪ್ಪ
೧೪ ಜುಲೈ ೧೯೮೨

ಇಂದಿರಾ,

ನಿನ್ನ ಪತ್ರ ಓದಿ ಉಜ್ಜಿನಪ್ಪನವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಊಟದ ಸಾಲನ್ನು ನೋಡುತ್ತ ಕುಳಿತೆ. ಹತ್ತು ಜನ ಉಣ್ಣುತ್ತಿದ್ದರು. ಅವರಲ್ಲಿ ಐದು ಜನ ಇನ್ನೊಂದು ರೊಟ್ಟಿ ಕೇಳಿದರು. ಕೊನೆಗೆ ಉಳಿದದ್ದು ಒಂದೇ ರೊಟ್ಟಿ. ಯಾರು ಬಾಯಿಬಿಟ್ಟು ಕೇಳಿದರೋ ಅವರಿಗೆ ಸಿಕ್ಕಿತು. ನಾನು ಕೇಳುವವಳು, ಇಂದಿರಾ. ನನಗೆ ಬದುಕಬೇಕು. ಇದನ್ನು ಯಾರ ಮುಂದೆಯೂ ಹೀಗೆ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು, ಐವತ್ತು ಸಮೀಪಿಸಿದವಳಿಗೆ ಇಷ್ಟು ಆಸೆಯೇ ಎಂದು. ಈಗ ನಾಚಿಕೆ ಇಲ್ಲ.

ಇನ್ನೊಂದು ಮಾತು. ಸ್ನಾನ ಮಾಡುವಾಗ ಗಂಟನ್ನು ಮುಟ್ಟಿ ನೋಡಿದೆ. ನಿಂಬೆಹಣ್ಣಿನಷ್ಟಿದ್ದದ್ದು ಈಗ ಅಡಿಕೆಯಷ್ಟಿದೆ. ನನ್ನ ಕೈಯೂ ಸುಳ್ಳು ಹೇಳುತ್ತಿದೆಯೋ ಏನೋ, ಬಂದಾಗ ಡಾಕ್ಟರನ್ನೇ ಕೇಳೋಣ.

ಕೊಟ್ರಿ


ಬಳ್ಳಾರಿ
೮ ಅಕ್ಟೋಬರ್ ೧೯೮೨

ಕೊಟ್ರಿ,

ಈ ಪತ್ರವನ್ನು ನಿಧಾನವಾಗಿ ಓದು. ಉಜ್ಜಿನಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೋ.

ಆರನೇ ಸುತ್ತು ಮುಗಿದ ಮೇಲೆ ಮೊನ್ನೆ ನಿನ್ನನ್ನು ಪರೀಕ್ಷೆ ಮಾಡಿ ಡಾಕ್ಟರು ಎದೆಯಲ್ಲಿ, ಕುತ್ತಿಗೆಯಲ್ಲಿ ಕೈಗೆ ಏನೂ ಸಿಗಲಿಲ್ಲ ಎಂದರಲ್ಲ. ಎಕ್ಸ್‌ರೇ ಇನ್ನೂ ಒದ್ದೆಯಿದೆ, ನಾಳೆ ನೋಡುತ್ತೇನೆ ಎಂದು ನಿನ್ನನ್ನು ಕಳಿಸಿದರು. ಇವತ್ತು ನಾನು ಹೋದೆ. ಏಪ್ರಿಲ್ಲಿನದೂ ಈಗಿನದೂ ಎರಡನ್ನೂ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಏಪ್ರಿಲ್ಲಿನದರಲ್ಲಿ ಎರಡು ಚುಕ್ಕೆ. ಈಗಿನದರಲ್ಲಿ ಇಲ್ಲ. ನಾನು ಕನ್ನಡಕ ಒರೆಸಿ ಮತ್ತೆ ನೋಡಿದೆ. ಇಲ್ಲ. ಮೂಲೆಯಲ್ಲಿ ಮಾತ್ರ ನಿನ್ನ ಎಡಗೈಯ ಬೆರಳ ತುದಿ ಬಿದ್ದಿದೆ, ಲಿಂಗ ಹಿಡಿದು ಮಡಚಿದ್ದು.

ಕರಾರಿನ ಪ್ರಕಾರ ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ. “ಗುಣ ಆತು ಅಂತ ನಾ ಬರಿಯಂಗಿಲ್ರಿ. ಏನೂ ಕಾಣವಲ್ದು ಅಂತ ಬರಿತೀನಿ. ಮೂರು ತಿಂಗಳಿಗೊಮ್ಮೆ ತೋರಿಸ್ರಿ. ಆದ್ರ ಅವರಿಗೆ ಹೇಳ್ರಿ, ಅವರ ಹೃದಯ ಮೊದಲು ಹೆಂಗಿತ್ತೋ ಹಂಗ ಐತಿ.” ಅಷ್ಟು ಹೇಳಿ ಆ ಮಾತು ಕಡಿಮೆಯ ಮನುಷ್ಯ ಬಾಗಿಲವರೆಗೆ ಬಂದು ನನ್ನನ್ನು ಕಳಿಸಿದರು.

ನಾನು ಆಸ್ಪತ್ರೆಯಿಂದ ಗಾಂಧಿನಗರದವರೆಗೆ ನಡೆದೇ ಬಂದೆ. ದಾರಿಯಲ್ಲಿ ಗುರುತಿಲ್ಲದ ಇಬ್ಬರಿಗೆ ನಮಸ್ಕಾರ ಮಾಡಿದೆ. ಕೊಟ್ರಿ, ಗೆದ್ದೆಯಲ್ಲೇ!

ಇಂದಿರಾ


ಸಿರುಗುಪ್ಪ
೮ ಮಾರ್ಚ್ ೧೯೮೩

ಇಂದಿರಾ,

ನಾವೆಲ್ಲ ಕ್ಷೇಮ. ಇದನ್ನು ಪೂರ್ತಿ ಅಂಕಕ್ಕೆ ಬರೆದಿದ್ದೇನೆ.

ಜನವರಿಯ ತಪಾಸಣೆಯಲ್ಲೂ ಏನಿಲ್ಲ. ಕೂದಲು ಬಂದಿದೆ, ಸ್ವಲ್ಪ ಗುಂಗುರಾಗಿ. ಚಿಕ್ಕವ್ವ ನೋಡಿ ಮದುವೆ ಹೆಣ್ಣಿನ ಹಾಗೆ ಕಾಣುತ್ತೀಯೆಂದು ಹಂಗಿಸಿದಳು. ಹೋದ ವಾರದಿಂದ ಹಸಿಮೆಣಸಿನಕಾಯಿ ಚಟ್ನಿ ತಿನ್ನುತ್ತಿದ್ದೇನೆ. ಮೊದಲ ಸಲ ನಾಲಿಗೆಗೆ ಖಾರ ಹತ್ತಿದಾಗ ಕಣ್ಣಲ್ಲಿ ನೀರು ಬಂತು, ಉಜ್ಜಿನಪ್ಪನವರು ಗಾಬರಿಯಾದರು. ಅಳು ಯಾವುದು, ಖಾರ ಯಾವುದು ಎಂದು ಅವರಿಗೆ ಇಪ್ಪತ್ತೊಂಬತ್ತು ವರ್ಷದಲ್ಲಿ ಗೊತ್ತಾಗಿಲ್ಲ. ಆದರೆ ಅವರ ರೊಟ್ಟಿಗಳು ಈಗ ದುಂಡಗಾಗುತ್ತವೆ. ಅರ್ಧ ಅವರು, ಅರ್ಧ ನಾನು ಎಂದು ಮಾತಾಗಿದೆ. ಡಾಕ್ಟರು ಎಡಗೈಗೆ ಹೆಚ್ಚು ಆಯಾಸ ಬೇಡ ಎಂದಿದ್ದಾರೆ, ಹೃದಯದ ಮೇಲೂ ಕಣ್ಣಿಟ್ಟಿರಬೇಕು. ಕೇಳುತ್ತೇನೆ. ನಾಳೆ ಏನೋ ಗೊತ್ತಿಲ್ಲ, ಅದನ್ನು ಮೂರು ತಿಂಗಳಿಗೊಮ್ಮೆ ವಿಚಾರಿಸಿದರಾಯಿತು.

ನೀನು ಹೋದ ಸಲ ಕರಡಿಗೆ ಹಗುರದ್ದು ಮಾಡಿಸಿಕೋ ಎಂದಿದ್ದೆ. ಆ ಗಂಟು ಕರಡಿಗೆಯಿಂದ ಆಗಿದ್ದಲ್ಲವೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅದಕ್ಕೂ ಮೊದಲು ಒಂದು ವರ್ಷ ನಾನು ನಮ್ಮತ್ತೆಯ ಬೆಳ್ಳಿಯನ್ನು ದೂರಿ ದೂರಿ ದಾರ ಉದ್ದ ಮಾಡಿ ಕೆಳಗೆ ತಳ್ಳಿದ್ದೆ. ಅದರ ಪಾಪ ನನಗೆ ತಟ್ಟಬಾರದಲ್ಲ. ಇವತ್ತು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಉಜ್ಜಿನಪ್ಪನವರ ಕೈಯಲ್ಲಿ ದಾರವನ್ನು ಹಳೆಯ ಅಳತೆಗೆ ಗಂಟು ಹಾಕಿಸಿದೆ, ನಾಲ್ಕು ಬೆರಳು ಮೇಲೆ. ಅವರು “ಮತ್ತ ಬಡಿತೈತಿ ನೋಡು” ಎಂದರು. “ಬಡೀಲಿ” ಎಂದೆ.

ಆಮೇಲೆ ಒಲೆಯ ಮುಂದೆ ಕುಳಿತು, ಖಾನಾವಳಿಗಲ್ಲ, ನಿನಗೆಂದು ರೊಟ್ಟಿ ಬಡಿದೆ. ಹದಿನೆಂಟು ರೊಟ್ಟಿ. ಬಗ್ಗಿದಾಗಲೆಲ್ಲ ಕರಡಿಗೆ ತೂಗಾಡಿ ಹಳೆಯ ಜಾಗಕ್ಕೇ ಬಂದು ಬಡಿಯಿತು. ಹದಿನೆಂಟು ರೊಟ್ಟಿ ಮುಗಿಯುವವರೆಗೂ ಕಿವಿಗೊಟ್ಟು ಕುಳಿತೆ. ಅದು ಬಡಿದ ಕಡೆ ಗಟ್ಟಿಯಾದದ್ದು ಏನೂ ಇರಲಿಲ್ಲ, ಇಂದಿರಾ. ನಾನೇ ಇದ್ದೆ.

ಈ ಪತ್ರದ ಜೊತೆ ರೊಟ್ಟಿಯನ್ನೂ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಬಿಸಿ ಆರುವ ಮೊದಲು ಉಣ್ಣು.

ನಿನ್ನ
ಕೊಟ್ರಿ